ಲಾವಾ ಹರಿದ ಸೈಟಿಗೆ ವಾಪಸ್ ಹೋಗಿ ಮನೆ ಕಟ್ಟಬಹುದಾ?

ಹೀಲೋ ನಿವಾಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ.

ನಾವಿರುವುದು ಹವಾಯಿಯ ಬಿಗ್ ಐಲ್ಯಾಂಡ್‌ನಲ್ಲಿ. ಪೂನಾ ಜಿಲ್ಲೆಯ ಲೇಲಾನಿ ಎಸ್ಟೇಟ್ಸ್ ಬಡಾವಣೆಯಲ್ಲಿ 1 ಎಕರೆ ಜಾಗ, ಅದರಲ್ಲೊಂದು ಮರದ ಮನೆ ಇತ್ತು. 2018ರ ಮೇ 3ರಂದು ಬಡಾವಣೆಯ ಒಳಗೇ ನೆಲ ಬಾಯಿಬಿಟ್ಟು ಕಿಲವೇಯಾ ಜ್ವಾಲಾಮುಖಿಯ ಲಾವಾ ಹೊರಗೆ ಬಂತು. ಮರುದಿನ 6.9 ತೀವ್ರತೆಯ ಭೂಕಂಪ. ಆಮೇಲಿನ ವಾರಗಳಲ್ಲಿ ಒಟ್ಟು 24 ಕಡೆ ನೆಲ ಬಿರಿಯಿತು. 8ನೇ ಬಿರುಕಿನ ಲಾವಾ ಹೊಳೆಯಾಗಿ ಹರಿದು ಕಪೋಹೋ ಕೊಲ್ಲಿಯನ್ನೇ ತುಂಬಿಸಿಬಿಟ್ಟಿತು. 700ಕ್ಕೂ ಹೆಚ್ಚು ಮನೆ ಹೋದವು. ನಮ್ಮದೂ ಹೋಯಿತು.

ಈಗ ಜಾಗ ಹೀಗಿದೆ. ರಸ್ತೆ ಕಡೆಯ ಸುಮಾರು ಮೂರನೇ ಒಂದು ಪಾಲು ಹಾಗೇ ಉಳಿದಿದೆ, ಅಲ್ಲಿ ಗಿಡಗಂಟಿ ಆಳೆತ್ತರ ಬೆಳೆದಿದೆ. ಹಿಂದಿನದೆಲ್ಲ ಲಾವಾ. ಮನೆಯಿದ್ದ ಕಡೆ ಒಂದು ಕಪ್ಪು ದಿಬ್ಬ. ನೀರಿನ ಟ್ಯಾಂಕಿನ ತಗಡು ಅಂಚಿನಲ್ಲಿ ಸುರುಟಿಕೊಂಡು ಹೊರಗೆ ಚಾಚಿದೆ. ಅದು ಬಿಟ್ಟರೆ ನಾವು ಅಲ್ಲಿದ್ದೆವು ಅನ್ನುವುದಕ್ಕೆ ಗುರುತೇ ಇಲ್ಲ. ಮಳೆ ಬಂದಾಗ ದಿಬ್ಬದ ಒಂದು ಮೂಲೆಯಿಂದ ಈಗಲೂ ಹಬೆ ಏಳುತ್ತದೆ.

ಅಂದಿನಿಂದ ಹೀಲೋದಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ಯಜಮಾನರಿಗೆ ವಾಪಸ್ ಹೋಗಿ ಸಣ್ಣದೊಂದು ಮನೆ ಕಟ್ಟುವ ಆಸೆ. "ಜಾಗ ನಮ್ಮದೇ, ಕಂದಾಯ ಕಟ್ಟುತ್ತಿದ್ದೇವೆ, ಇನ್ನೇನು?" ಅನ್ನುತ್ತಾರೆ. ಸಾಗರದಲ್ಲಿರುವ ಅತ್ತೆಯವರು ಫೋನಿನಲ್ಲಿ ಈ ಮಾತು ಬಂದರೆ ಸಾಕು, ಅಳುವುದಕ್ಕೇ ಶುರು ಮಾಡುತ್ತಾರೆ. ನನಗೆ ಒಂದು ದಿನ ಇವರು ಸರಿ ಅನ್ನಿಸುತ್ತದೆ, ಇನ್ನೊಂದು ದಿನ ಅವರು.

ಲಾವಾ ನೆಲದ ಬಗ್ಗೆ, ಅಲ್ಲಿನ ಕಾನೂನು, ವಿಮೆ, ನೀರಿನ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ. ಸುಮ್ನೆ ಧೈರ್ಯ ಹೇಳುವುದು ಬೇಡ.

ದಾವಣಗೆರೆ ಹುಡುಗ

ಮೇಡಂ, ತಪ್ಪು ತಿಳಿಯಬೇಡಿ. ಜ್ವಾಲಾಮುಖಿ ಪಕ್ಕದಲ್ಲಿ ಸೈಟು ತೆಗೆದುಕೊಂಡಿದ್ದಾದರೂ ಯಾಕೆ? ಮಾರುವಾಗ ಯಾರೂ ಹೇಳಲಿಲ್ವಾ?

ಹೀಲೋ ನಿವಾಸಿ

ಹೇಳಿದ್ದರು. ಇಲ್ಲಿ ಇಡೀ ದ್ವೀಪವನ್ನು ಲಾವಾ ಅಪಾಯದ ಲೆಕ್ಕದಲ್ಲಿ 1ರಿಂದ 9 ವಲಯ ಮಾಡಿದ್ದಾರೆ. 1 ಅಂದರೆ ಅತಿ ಹೆಚ್ಚು ಅಪಾಯ. ಲೇಲಾನಿ ಇರುವುದು 1ರಲ್ಲಿ. ಕಾಗದಕ್ಕೆ ಸಹಿ ಹಾಕುವಾಗ ಅದು ಕಣ್ಣೆದುರೇ ಇತ್ತು. ಆದರೆ ನಮ್ಮ ಸಂಬಳಕ್ಕೆ ಹವಾಯಿಯಲ್ಲಿ 1 ಎಕರೆ ಸಿಗುವುದು ಪೂನಾದಲ್ಲಿ ಮಾತ್ರ. ಹೊನಲುಲುವಿನಲ್ಲಿ ಅದೇ ದುಡ್ಡಿಗೆ ಕಾರು ನಿಲ್ಲಿಸುವ ಜಾಗವೂ ಬರುತ್ತಿರಲಿಲ್ಲ. ಅಲ್ಲಿರುವ ಮುಕ್ಕಾಲು ಜನರ ಕಥೆ ಇದೇ. ನಿವೃತ್ತರು, ಹೋಟೆಲ್ ಕೆಲಸದವರು, ಪಪ್ಪಾಯಿ ತೋಟದವರು.

ಕಲ್ಲು ಮೇಷ್ಟ್ರು

ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು, ಮೈಸೂರು. ಮೊದಲಿಗೆ ಒಂದು ಪ್ರಶ್ನೆ, ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ. ನಿಮ್ಮ ಜಾಗ ಬಿರುಕಿನ ಸಾಲಿನಿಂದ ಎಷ್ಟು ದೂರ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಅಲ್ಲಿ ಎರಡು ಬಗೆಯ ಬಿಸಿ ಇದೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಒಂದು, ಬೇರೆ ಕಡೆಯಿಂದ ಹರಿದು ಬಂದು ನಿಮ್ಮ ನೆಲದ ಮೇಲೆ ನಿಂತ ಲಾವಾ. ಬರುವಾಗ ಅದು ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೇಲ್ಪದರ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಒಳಗಿನದು ನಿಧಾನ. ಎಷ್ಟು ನಿಧಾನ ಅನ್ನುವುದು ದಪ್ಪದ ಮೇಲೆ. ದಪ್ಪ ಎರಡು ಪಟ್ಟಾದರೆ ತಣಿಯುವ ಕಾಲ ನಾಲ್ಕು ಪಟ್ಟಾಗುತ್ತದೆ. 1959ರಲ್ಲಿ ಕಿಲವೇಯಾ ಇಕಿ ಅನ್ನುವ ಕುಳಿಯಲ್ಲಿ ನಿಂತ ಲಾವಾ 100 ಮೀಟರಿಗಿಂತ ಆಳವಿತ್ತು. ಅದು ಪೂರ್ತಿ ಗಟ್ಟಿಯಾಗಲು 30 ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಲ್ಲಿಯ ವಿಜ್ಞಾನಿಗಳು ವರ್ಷ ವರ್ಷ ಕೊರೆದು ನೋಡಿದ್ದಾರೆ. ಆದರೆ ನಿಮ್ಮ ಸೈಟಿನ ಅಂಚಿನಲ್ಲಿರುವಂಥ ಕೆಲವೇ ಮೀಟರ್ ದಪ್ಪದ ಲಾವಾ ಇಷ್ಟು ಹೊತ್ತಿಗೆ ತಣ್ಣಗಾಗಿರಲೇಬೇಕು. ಪೂನಾದ ಮಳೆ ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗೆ ಕಡಿಮೆ ಇಲ್ಲ. ಒಡೆದ ಕಲ್ಲಿನೊಳಗೆ ನೀರು ಇಳಿದು ಶಾಖವನ್ನು ಹಬೆಯಾಗಿ ಹೊತ್ತು ತರುತ್ತದೆ.

ಎರಡನೆಯ ಬಿಸಿ ಕೆಳಗಿನದು. ಬಿರುಕಿನ ಕೆಳಗೆ ಶಿಲಾಪಾಕ ಗೋಡೆಯ ಹಾಗೆ ನೆಟ್ಟಗೆ ನಿಂತು ಅಲ್ಲೇ ಉಳಿದಿರುತ್ತದೆ. ಅದು ದಶಕಗಳ ಮಾತು. ಪಾಹೋವಾದಿಂದ ಕಲಪಾನಾಕ್ಕೆ ಹೋಗುವ 130ನೇ ಹೆದ್ದಾರಿಯ ಪಕ್ಕ ಹಬೆಯ ಗುಂಡಿಗಳಿವೆ, ನೀವು ನೋಡಿರುತ್ತೀರಿ. ಅವು 1955ರ ಸ್ಫೋಟದ ಕಾಲದವು. ಲೇಲಾನಿಯಲ್ಲಿ ಬಿರುಕಿನ ಆಸುಪಾಸು 2018 ಮುಗಿದ ಮೇಲೂ ಹೊಸ ಜಾಗಗಳಲ್ಲಿ ಮರ ಕೆಂಪಾಗಿ ಒಣಗಿದ್ದನ್ನು ಅಲ್ಲಿನ ಜ್ವಾಲಾಮುಖಿ ವೀಕ್ಷಣಾಲಯವೇ ದಾಖಲಿಸಿದೆ. ಅಂದರೆ ಶಾಖ ಪಕ್ಕಕ್ಕೂ ಸರಿಯುತ್ತದೆ.

ನಿಮ್ಮ ಮೂಲೆಯ ಹಬೆ ಯಾವ ಬಿಸಿಯದು? ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಮನೆ ನಕ್ಷೆ ಆಮೇಲೆ.

ಹೀಲೋ ನಿವಾಸಿ

ಮೇಷ್ಟ್ರೇ, ಬಿರುಕಿನ ಸಾಲು ನಮ್ಮಿಂದ ಎರಡು ಬೀದಿ ಆಚೆ. ಹಬೆ ಬರುವುದು ಹಿಂದಿನ ಮೂಲೆಯಲ್ಲಿ, ಅಂದರೆ ಆ ಕಡೆಗೇ. ಒಣ ದಿನಗಳಲ್ಲಿ ಏನೂ ಕಾಣುವುದಿಲ್ಲ. ಮುಂದಿನ ಭಾಗದಲ್ಲಿ ಗಿಡ ಹಸಿರಾಗಿಯೇ ಇದೆ.

ಕಲ್ಲು ಮೇಷ್ಟ್ರು

ಹಸಿರಾಗಿದೆ ಅನ್ನುವುದು ಒಳ್ಳೆಯ ಸುದ್ದಿ. ಬೇರು ಬೆಂದರೆ ಗಿಡವೇ ಮೊದಲು ಹೇಳುತ್ತದೆ. ಆದರೂ ಮುಂದಿನ ಭಾಗದಲ್ಲಿ ಮೂರು ನಾಲ್ಕು ಕಡೆ ಮೊಣಕಾಲುದ್ದ ಕಂಡಿ ಮಾಡಿ ಥರ್ಮಾಮೀಟರ್ ಇಳಿಸಿ. ಒಣ ದಿನ ಒಮ್ಮೆ, ಜೋರು ಮಳೆಯ ಮರುದಿನ ಒಮ್ಮೆ. ಒಂದು ವರ್ಷ ಹೀಗೆ ಬರೆದಿಡಿ. ಅಂಕಿ ಇಳಿಯುತ್ತಿದೆಯೋ ಏರುತ್ತಿದೆಯೋ ಅನ್ನುವುದು ಮುಖ್ಯ. ಅಂಕಿ ಎಷ್ಟು ಅನ್ನುವುದು ಅಷ್ಟು ಮುಖ್ಯವಲ್ಲ.

ದಾವಣಗೆರೆ ಹುಡುಗ

ಒಂದು ವರ್ಷ ನೆಲಕ್ಕೆ ಜ್ವರ ನೋಡಬೇಕು ಅನ್ನಿ 😄

ಕಾನೂನು ಕಡತ

ನಾನು ಅಮೆರಿಕದಲ್ಲಿ ಆಸ್ತಿ ವ್ಯವಹಾರದ ವಕೀಲ. ಹವಾಯಿಯಲ್ಲಿ ಪ್ರಾಕ್ಟೀಸ್ ಇಲ್ಲ, ಹಾಗಾಗಿ ಇದನ್ನು ಸಲಹೆ ಅಂತ ಹಿಡಿಯದೆ ಮಾಹಿತಿ ಅಂತ ಓದಿ.

ಜಾಗ ನಿಮ್ಮದೇ. ಲಾವಾ ಮುಚ್ಚಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಗಡಿಕಲ್ಲು ಹೂತುಹೋಗಿದೆ, ಅಷ್ಟೇ. ನಮ್ಮೂರಲ್ಲಿ ಹದ್ದುಬಸ್ತು ಮಾಡಿಸುತ್ತೀವಲ್ಲ, ಹಾಗೆ ಅಲ್ಲಿ ಪರವಾನಗಿ ಇರುವ ಸರ್ವೆಯರ್ ಜಿಪಿಎಸ್ ಇಟ್ಟು ಹಳೆಯ ಮೂಲೆಗಳನ್ನು ಲಾವಾ ಮೇಲೆ ಮತ್ತೆ ಗುರುತಿಸುತ್ತಾರೆ. ಅದನ್ನು ಮಾಡಿಸದೆ ಒಂದು ಕಲ್ಲನ್ನೂ ಸರಿಸಬೇಡಿ. ಎಲ್ಲ ಕಪ್ಪಗಿರುವಾಗ ಪಕ್ಕದವರ ಜಾಗದಲ್ಲಿ ಬುಲ್ಡೋಜರ್ ಓಡಿಸಿಬಿಡುವುದು ಬಹಳ ಸುಲಭ.

ಸಮುದ್ರದ ಕಡೆಯವರ ಕಥೆ ಬೇರೆ. ಅದು ನಿಮಗೆ ಸಂಬಂಧ ಇಲ್ಲ, ಆದರೆ ಸ್ವಾರಸ್ಯ ಇದೆ ಅಂತ ಹೇಳುತ್ತೇನೆ. 1955ರಲ್ಲಿ ಪೂನಾದ ಲಾವಾ ಸಮುದ್ರಕ್ಕೆ ಇಳಿದು ಒಬ್ಬರ ಜಾಗದ ಮುಂದೆ 7.9 ಎಕರೆ ಹೊಸ ನೆಲ ಹುಟ್ಟಿತು. ಮುಂದೆ ಆ ಜಾಗ ಕೊಂಡವರು ಹೊಸ ನೆಲವೂ ತಮ್ಮದೇ ಅಂತ ಸಮ ಮಾಡಿ ಗಿಡ ನೆಟ್ಟರು. ವ್ಯಾಜ್ಯ ಹವಾಯಿ ಸುಪ್ರೀಂ ಕೋರ್ಟಿಗೆ ಹೋಯಿತು. ಜಿಮ್ರಿಂಗ್ ಕೇಸ್ ಅನ್ನುತ್ತಾರೆ. 1977ರ ತೀರ್ಪು: ಲಾವಾ ಹುಟ್ಟಿಸಿದ ಹೊಸ ನೆಲ ರಾಜ್ಯದ್ದು, ಅಂದರೆ ಸಾರ್ವಜನಿಕರದು. ಆದ್ದರಿಂದ 2018ರಲ್ಲಿ ಕಪೋಹೋ ಕಡೆ ಹುಟ್ಟಿದ ನೂರಾರು ಎಕರೆ ಹೊಸ ದಂಡೆ ಯಾವ ಸೈಟಿನವರಿಗೂ ಸೇರಲಿಲ್ಲ. ಮೊದಲು ಕಡಲ ಮುಂದೆ ಮನೆಯಿದ್ದವರು ಈಗ ಒಳನಾಡಿನವರು.

ಇನ್ನು ದುಡ್ಡು. 1ನೇ ವಲಯಕ್ಕೆ ಸಾಮಾನ್ಯ ಬ್ಯಾಂಕುಗಳು ಸಾಲ ಕೊಡುವುದು ಅಪರೂಪ. ವಿಮೆ ಕಂಪನಿಗಳು ಹಿಂದೆ ಸರಿದಿದ್ದರಿಂದಲೇ 1991ರಲ್ಲಿ ರಾಜ್ಯದ ಶಾಸನಸಭೆ ಹವಾಯಿ ಪ್ರಾಪರ್ಟಿ ಇನ್ಶೂರೆನ್ಸ್ ಅಸೋಸಿಯೇಷನ್ ಅನ್ನುವ ಕೊನೆಯ ಆಸರೆಯನ್ನು ಹುಟ್ಟುಹಾಕಿತು. ಹಿಂದಿನ ವರ್ಷ ಪೂನಾದ ಕಲಪಾನಾ ಊರು ಲಾವಾದಲ್ಲಿ ಮುಳುಗಿತ್ತಲ್ಲ, ಅದರ ಫಲ. ಪಾಲಿಸಿ ಸಿಕ್ಕರೂ ಸಣ್ಣ ಅಕ್ಷರ ಓದಿ. ಕೆಲವು ಪಾಲಿಸಿಗಳಲ್ಲಿ ಲಾವಾವನ್ನು ಹೆಸರು ಹೇಳಿಯೇ ಹೊರಗಿಟ್ಟಿರುತ್ತಾರೆ.

ಲಾವಾಕ್ಕೆ ಸಿಕ್ಕ ಜಾಗಗಳನ್ನು ಕೊಳ್ಳುವ ಕೌಂಟಿಯ (ಅಲ್ಲಿನ ಸ್ಥಳೀಯ ಆಡಳಿತದ) ಖರೀದಿ ಯೋಜನೆಗೆ ನೀವು ಅರ್ಜಿ ಹಾಕಿರಲಿಲ್ವಾ?

ಹೀಲೋ ನಿವಾಸಿ

ಇಲ್ಲ. 2021ರಲ್ಲಿ ಶುರುವಾಯಿತು. ವಾಸದ ಮನೆ ಕಳೆದುಕೊಂಡವರಿಗೆ 2,30,000 ಡಾಲರ್‌ವರೆಗೆ, ಸ್ಫೋಟಕ್ಕೆ ಮುಂಚಿನ ಬೆಲೆ ಹಿಡಿದು ಕೊಡುತ್ತಿದ್ದರು. ಕೊಟ್ಟ ಮೇಲೆ ಜಾಗ ಕೌಂಟಿಯದು, ಅಲ್ಲಿ ಮತ್ತೆ ಮನೆ ಏಳುವುದಿಲ್ಲ. ನಮ್ಮ ಬೀದಿಯಲ್ಲಿ ಅನೇಕರು ಕೊಟ್ಟು ಹೋದರು. ಯಜಮಾನರು ಒಪ್ಪಲಿಲ್ಲ. ಆಗ ಅದಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು, ಅದು ಇಲ್ಲಿ ಬೇಡ. ಈಗ ಮಾರೋಣ ಅಂದರೆ ಕೇಳುವವರು ಕೇಳುವ ರೇಟು ನೋಡಿದರೆ ನಗು ಬರುತ್ತದೆ. ಸೈಟು ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ ಆಗಿದೆ.

ಕಾನೂನು ಕಡತ

ಹಾಗಾದರೆ ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ನಿಮ್ಮ ಸುತ್ತ ಕೌಂಟಿ ಕೊಂಡ ಸೈಟುಗಳು ಖಾಲಿಯೇ ಇರುತ್ತವೆ. ಅಕ್ಕಪಕ್ಕ ಮನೆ ಇಲ್ಲ ಅಂದರೆ ರಸ್ತೆ ರಿಪೇರಿಗೆ ಚಂದಾ ಕೊಡುವವರೂ ಕಡಿಮೆ. ಲೇಲಾನಿಯ ಒಳರಸ್ತೆಗಳು ಬಡಾವಣೆಯ ಸಂಘದ್ದು, ಸರ್ಕಾರದ್ದಲ್ಲ.

ಪಾಹೋವಾ ಅಣ್ಣ

ಅಕ್ಕ, ನಾನು ನಿಮ್ಮ ಪಕ್ಕದಲ್ಲೇ ಇದ್ದೇನೆ, ಪಾಹೋವಾ ಮೇಲುಗಡೆ. ತೀರ್ಥಹಳ್ಳಿ ಕಡೆಯವನು. ಸೋಲಾರ್ ಮತ್ತು ವೈರಿಂಗ್ ಕೆಲಸ. ಕಲಪಾನಾದ ಲಾವಾ ಮೇಲೆ ಎದ್ದ ಮನೆಗಳಿಗೆ ಕರೆಂಟು ಹಾಕಿದ್ದೇನೆ, ಹಾಗಾಗಿ ನೋಡಿದ್ದನ್ನು ಬರೆಯುತ್ತೇನೆ.

ಕಲಪಾನಾ ಗೊತ್ತಿಲ್ಲದವರಿಗೆ: 1983ರಲ್ಲಿ ಶುರುವಾದ ಪೂವು ಓಓ ಸ್ಫೋಟ 35 ವರ್ಷ ನಡೆಯಿತು. 1990ರಲ್ಲಿ ಕಲಪಾನಾ ಊರನ್ನೂ ಕೈಮೂ ಅನ್ನುವ ಕಪ್ಪು ಮರಳಿನ ದಂಡೆಯನ್ನೂ ಮುಚ್ಚಿತು. ಅಲ್ಲಿದ್ದ ಚಿತ್ರದ ಚರ್ಚನ್ನು ಜನ ಲಾರಿಯ ಮೇಲೆ ಹೊತ್ತು ಬೇರೆ ಕಡೆ ಇಟ್ಟರು. ಕೆಲವು ವರ್ಷ ಕಳೆದ ಮೇಲೆ ಸೈಟು ಇದ್ದವರು, ಅಗ್ಗಕ್ಕೆ ಕೊಂಡವರು ಅದೇ ಲಾವಾ ಮೇಲೆ ಕಂಬದ ಮನೆ ಕಟ್ಟಿದರು. 2010ರಲ್ಲಿ ಲಾವಾ ಮತ್ತೆ ಬಂದು ಅದರಲ್ಲಿ ಕೆಲವು ಮನೆ ಸುಟ್ಟಿತು. ಅದಾದ ಮೇಲೂ ಜನ ಕಟ್ಟಿದರು. ಹುಚ್ಚು ಅನ್ನುವವರು ಅನ್ನಲಿ. ಬುಧವಾರ ರಾತ್ರಿ ಅಂಕಲ್ ರಾಬರ್ಟ್ಸ್ ಸಂತೆಗೆ ಹೋಗಿ ನೋಡಿ, ಅಲ್ಲಿ ಊರು ಬದುಕಿದೆ.

ಈಗ ನಿಮ್ಮ ವಿಷಯ. ಮೇಷ್ಟ್ರು ಬಿಸಿಯಿಂದ ಶುರು ಮಾಡಿದರು, ವಕೀಲರು ಕಾಗದದಿಂದ. ನಾನು ರಸ್ತೆಯಿಂದ ಶುರು ಮಾಡುತ್ತೇನೆ. ಲಾವಾ ಮುಚ್ಚಿದ 132ನೇ ಹೆದ್ದಾರಿಯನ್ನು ಕೌಂಟಿಯವರು 2019ರ ನವೆಂಬರ್ ಕೊನೆಗೆ ಮತ್ತೆ ತೆರೆದರು. ಅದಕ್ಕೂ ನಡುವೆ ಕಲ್ಲು ಇನ್ನೂ ಬಿಸಿ ಅಂತ ಕೆಲಸಕ್ಕೆ ತೊಂದರೆ ಆಗಿತ್ತು. ಒಳರಸ್ತೆಗಳಲ್ಲಿ ಎಷ್ಟೋ ಇನ್ನೂ ಲಾವಾ ಅಡಿಯಲ್ಲೇ ಇವೆ. ಕಪೋಹೋ ಕಡೆ ಒಬ್ಬ ಹಿರಿಯರ ಮನೆಯನ್ನು ಲಾವಾ ಮುಟ್ಟಲೇ ಇಲ್ಲ, ಸುತ್ತ ಹರಿದು ಹೋಯಿತು. ಇಲ್ಲಿ ಅಂಥ ಜಾಗವನ್ನು ಕೀಪುಕಾ ಅನ್ನುತ್ತಾರೆ. ಗೋಡೆಯ ಮೇಲಿನ ಕ್ಯಾಲೆಂಡರ್ ಮೇ ತಿಂಗಳಿನಲ್ಲೇ ನಿಂತಿತ್ತು, ಕಪಾಟಿನಲ್ಲಿ ಅಕ್ಕಿ ಹಾಗೇ ಇತ್ತು. ಆದರೆ ಮನೆಗೆ ಹೋಗಲು ಹರಿತವಾದ ಕಲ್ಲಿನ ಮೇಲೆ ಅರ್ಧ ದಿನ ನಡೆಯಬೇಕಿತ್ತು. ಮನೆ ಇದ್ದೂ ಇಲ್ಲದ ಹಾಗೆ. ನಿಮ್ಮ ಸೈಟಿನ ಮುಂಭಾಗ ರಸ್ತೆಗೆ ಅಂಟಿಕೊಂಡಿದೆ ಅಂದಿರಲ್ಲ, ನಿಮ್ಮ ಇಡೀ ಪುರಾಣದಲ್ಲಿ ನನಗೆ ಅತಿ ಬೆಲೆಬಾಳುವ ಮಾತು ಅದೇ.

ಲಾವಾ ಮೇಲೆ ಕಟ್ಟುವುದಾದರೆ ಅದು ಯಾವ ಲಾವಾ ಅಂತ ನೋಡಬೇಕು. ನಯವಾಗಿ ಸುಕ್ಕುಗಟ್ಟಿ ಹರಡಿದ್ದು ಪಾಹೊಯ್‌ಹೊಯ್. ಮುರಿದ ಚೂರುಗಳ ರಾಶಿ ಆ-ಆ. ಆ-ಆ ಮೇಲೆ ಬರಿಗಾಲು ಬೇಡ, ದಪ್ಪ ಅಟ್ಟೆಯ ಬೂಟನ್ನೇ ತಿಂದುಹಾಕುತ್ತದೆ. ಆದರೆ ಬುಲ್ಡೋಜರಿಗೆ ಅದು ಸುಲಭ, ಮೇಲಿನ ಸಡಿಲ ಚೂರನ್ನು ತಳ್ಳಿ ಸಮ ಮಾಡಬಹುದು. ಒಳಗೆ ಬ್ಲೂ ರಾಕ್ ಸಿಕ್ಕಿತೋ, ಮುಗಿಯಿತು. ಅದು ಒತ್ತಾದ ನೀಲಿಗಪ್ಪು ಬಂಡೆ. ಬ್ರೇಕರ್ ಗಂಟೆ ಲೆಕ್ಕದಲ್ಲಿ ಓಡುತ್ತದೆ, ದುಡ್ಡೂ ಅದೇ ಲೆಕ್ಕದಲ್ಲಿ ಓಡುತ್ತದೆ. ಪಾಹೊಯ್‌ಹೊಯ್ ನೋಡಲು ಸಿಮೆಂಟು ನೆಲ, ಆದರೆ ಕೆಳಗೆ ಟೊಳ್ಳು ಇರುತ್ತದೆ. ಲಾರಿ ನಿಲ್ಲಿಸಿದಾಗ ಹಿಂದಿನ ಚಕ್ರ ಚಪ್ಪಡಿ ಒಡೆದು ಒಳಗೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಂಬ ನಿಲ್ಲಿಸುವ ಪ್ರತಿ ಜಾಗದಲ್ಲೂ ಮೊದಲು ಕೊರೆದು ನೋಡಲೇಬೇಕು.

ಶೌಚದ ಮಾತು ಯಾರೂ ಎತ್ತಲಿಲ್ಲ. 2016ರಿಂದ ಹವಾಯಿಯಲ್ಲಿ ಹೊಸ ಇಂಗುಗುಂಡಿಗೆ ಅನುಮತಿ ಇಲ್ಲ, ಸೆಪ್ಟಿಕ್ ಟ್ಯಾಂಕೇ ಬೇಕು. ಅದಕ್ಕೆ ಗುಂಡಿ ತೋಡಬೇಕಾದ್ದು ಇದೇ ಬಂಡೆಯಲ್ಲಿ. ಎಷ್ಟೋ ಜನರ ಲೆಕ್ಕ ತಪ್ಪುವುದು ಇಲ್ಲಿ.

ನೀರು ಇನ್ನೊಂದು ರಾತ್ರಿ ಬರೆಯುತ್ತೇನೆ, ಊಟಕ್ಕೆ ಕರೆಯುತ್ತಿದ್ದಾರೆ.

ಸ್ಪೇನ್‌ನಿಂದ

ನಾನು ಮ್ಯಾಡ್ರಿಡ್‌ನಲ್ಲಿದ್ದೇನೆ. ಲಾ ಪಾಲ್ಮಾ ದ್ವೀಪಕ್ಕೆ ಹೋಗಿದ್ದೆ. ಅಲ್ಲಿ 2021ರ ಸೆಪ್ಟೆಂಬರ್ 19ರಿಂದ ಡಿಸೆಂಬರ್ 13ರವರೆಗೆ ಲಾವಾ ಹರಿಯಿತು. ತೊಡೋಕೆ ಅನ್ನುವ ಊರು ಪೂರ್ತಿ ಹೋಯಿತು. ಚರ್ಚಿನ ಗಂಟೆ ಗೋಪುರ ಕುಸಿದ ವಿಡಿಯೊ ನೋಡಿರುತ್ತೀರಿ.

ನಾನು ಹೇಳಬೇಕಾದ್ದು ಬೇರೆ ಊರಿನ ಬಗ್ಗೆ. ಪುಯೆರ್ತೊ ನಾವೊಸ್ ಅಂತ ಕಡಲ ದಂಡೆಯ ಊರು. ಅಲ್ಲಿಗೆ ಲಾವಾ ಬರಲೇ ಇಲ್ಲ. ಮನೆ, ಅಂಗಡಿ, ಹೋಟೆಲ್ ಎಲ್ಲ ನೆಟ್ಟಗೆ ನಿಂತಿದ್ದವು. ಆದರೆ ನೆಲದಿಂದ ಕಾರ್ಬನ್ ಡೈಆಕ್ಸೈಡ್ ಬರತೊಡಗಿತು. ಬಣ್ಣ ಇಲ್ಲ, ವಾಸನೆ ಇಲ್ಲ, ಗಾಳಿಗಿಂತ ಭಾರ. ನೆಲಮಾಳಿಗೆ, ಗ್ಯಾರೇಜು, ಕೆಳಮನೆಗಳಲ್ಲಿ ತುಂಬಿಕೊಳ್ಳುತ್ತದೆ. ಆ ಊರನ್ನು ಬೇಲಿ ಹಾಕಿ ಮುಚ್ಚಿದರು. ವರ್ಷಗಳು ಕಳೆದ ಮೇಲೆ ಬೀದಿ ಬೀದಿ ಅಳೆದು, ಮನೆ ಮನೆಗೆ ಮೀಟರ್ ಕೂರಿಸಿ ಸ್ವಲ್ಪ ಸ್ವಲ್ಪವಾಗಿ ಜನರನ್ನು ಬಿಟ್ಟರು.

ಲೇಲಾನಿಯಲ್ಲಿ ಇದೇ ಆಗುತ್ತದೆ ಅನ್ನುತ್ತಿಲ್ಲ. ಆದರೆ ಹಬೆ ಬರುವ ಜಾಗದ ಹತ್ತಿರ ತಗ್ಗಿನಲ್ಲಿ ಮಗು ಆಟ ಆಡುತ್ತದೆ, ನಾಯಿ ಮಲಗುತ್ತದೆ ಅಂದರೆ ಒಂದು ಮೀಟರ್ ತೆಗೆದುಕೊಳ್ಳಿ.

ಕಲ್ಲು ಮೇಷ್ಟ್ರು

ಸರಿಯಾದ ಮಾತು. ಕಂಬದ ಮೇಲೆ ಮನೆ ಕಟ್ಟುವುದರಲ್ಲಿ ಇದೂ ಒಂದು ಲಾಭ. ಕೆಳಗೆ ಗಾಳಿ ಆಡುತ್ತದೆ, ಅನಿಲ ನಿಲ್ಲುವುದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಕಥೆ ಐಸ್‌ಲ್ಯಾಂಡಿನದು. ಹೆಯ್‌ಮಯ್ ದ್ವೀಪದಲ್ಲಿ 1973ರ ಜನವರಿ 23ರ ನಡುರಾತ್ರಿ ಊರ ಅಂಚಿನಲ್ಲೇ ನೆಲ ಬಿರಿಯಿತು. ಬಿರುಗಾಳಿಗೆ ಮೀನಿನ ದೋಣಿಗಳೆಲ್ಲ ಬಂದರಿನಲ್ಲೇ ಇದ್ದವು. ಅದರಲ್ಲೇ 5,000ಕ್ಕೂ ಹೆಚ್ಚು ಜನರನ್ನು ರಾತ್ರೋರಾತ್ರಿ ದಾಟಿಸಿದರು. ನೂರಾರು ಮನೆ ಹೋದವು. ಲಾವಾ ಬಂದರಿನ ಬಾಯಿ ಮುಚ್ಚುವ ಹಾಗಾದಾಗ ಅದರ ಮೇಲೆ ಸಮುದ್ರದ ನೀರು ಪಂಪ್ ಮಾಡಿ ತಡೆದರು. ವಾಪಸ್ ಬಂದವರು ಮಾಡಿದ ಕೆಲಸ ನೋಡಿ: ಬಿಸಿ ಲಾವಾದೊಳಗೆ ಪೈಪು ಹಾಯಿಸಿ ಆ ಶಾಖದಿಂದ ಮನೆಗಳನ್ನು ಬೆಚ್ಚಗೆ ಮಾಡಿಕೊಂಡರು. 80ರ ದಶಕದ ಕೊನೆಯವರೆಗೂ ಅದು ನಡೆಯಿತು. ಬೂದಿಯಿಂದ ವಿಮಾನದ ಓಡುದಾರಿ ಉದ್ದ ಮಾಡಿದರು.

ದಾವಣಗೆರೆ ಹುಡುಗ

ಇದು ಸೂಪರ್. ಮೇಡಂ, ನಿಮ್ಮ ಹಬೆ ಮೂಲೆಯಲ್ಲಿ ಇಡ್ಲಿ ಪಾತ್ರೆ ಇಡಬಹುದಾ?

ಹೀಲೋ ನಿವಾಸಿ

ನಮ್ಮ ಮಗನೂ ಅದನ್ನೇ ಕೇಳಿದ. ಬೇಡಪ್ಪ. ಇಲ್ಲಿಯವರಿಗೆ ಅದು ಪೆಲೆಯ ಉಸಿರು. ಜ್ವಾಲಾಮುಖಿ ದೇವಿ. ನಮ್ಮ ಬೀದಿಯಲ್ಲಿ ಒಬ್ಬರು ಹವಾಯಿಯ ಆಂಟಿ ಇದ್ದರು (ಇಲ್ಲೂ ಹಿರಿಯರನ್ನು ಆಂಟಿ, ಅಂಕಲ್ ಅಂತಲೇ ಕರೆಯುವುದು). 1990ರಲ್ಲಿ ಕಲಪಾನಾದ ಮನೆ ಹೋಗಿ ಲೇಲಾನಿಗೆ ಬಂದವರು. 2018ರಲ್ಲಿ ಪೊಲೀಸರು ಹೊರಡಿ ಅಂದಾಗ ಮನೆ ಪೂರ್ತಿ ಗುಡಿಸಿ, ಒರೆಸಿ, ಬಾಗಿಲಲ್ಲಿ ಟೀ ಅನ್ನುವ ಗಿಡದ ಎಲೆ (ಚಹಾ ಅಲ್ಲ, ಇಲ್ಲಿಯವರಿಗೆ ಪವಿತ್ರವಾದ ಗಿಡ) ಮತ್ತು ಹೂವು ಇಟ್ಟು ಹೊರಟರು. ದೇವಿ ಬರುವಾಗ ಮನೆ ಕೊಳಕಾಗಿರಬಾರದು ಅಂತ. ನಾನು ಆ ಹೊತ್ತಿನಲ್ಲಿ ಪಾಸ್‌ಪೋರ್ಟ್ ಹುಡುಕುತ್ತಾ ಅಲಮಾರಿ ಎಲ್ಲ ಕಿತ್ತು ಹಾಕುತ್ತಿದ್ದೆ.

ವಾಪಸ್ ಹೋಗುವ ಬಗ್ಗೆ ಅವರನ್ನೂ ಕೇಳಿದೆ. "ಅವಳ ಜಾಗ, ನಾವು ಇದ್ದು ಹೋಗುವವರು. ಇರುವುದಾದರೆ ಸಣ್ಣದಾಗಿ ಇರು" ಅಂದರು.

ಇಂಡಿ ರೈತ

ನಮಸ್ಕಾರ ಅಕ್ಕಾರ. ನಾ ವಿಜಯಪುರ ಜಿಲ್ಲೆಯವ. ನಮ್ಮ ಎರೆ ಭೂಮಿಯೂ ಲಾವಾ ಕಲ್ಲಿನಿಂದಲೇ ಆದದ್ದು ಅಂತ ಶಾಲೆಯಲ್ಲಿ ಓದಿದ್ದೆ. ಹಂಗಾರೆ ನಿಮ್ಮ ಜಾಗದಲ್ಲಿ ಏನಾದರೂ ಬೆಳೆಯಬಹುದೇನ್ರೀ? ಮಣ್ಣು ಆಗಲು ಎಷ್ಟು ವರ್ಷ ಬೇಕು?

ಕಲ್ಲು ಮೇಷ್ಟ್ರು

ನಿಮ್ಮ ಕೆಳಗಿರುವುದು ದಖನ್ ಲಾವಾ, ಸುಮಾರು 6.6 ಕೋಟಿ ವರ್ಷ ಹಳೆಯದು. ಅಷ್ಟು ಕಾಯುವುದು ಅಕ್ಕನವರಿಗೆ ಕಷ್ಟ. ಆದರೆ ಮಳೆ ಜಾಸ್ತಿ ಇರುವ ಪೂನಾದಲ್ಲಿ ಒಂದೆರಡು ವರ್ಷಕ್ಕೇ ಬಿರುಕುಗಳಲ್ಲಿ ಜರಿಗಿಡ ಬರುತ್ತದೆ, ಬೂದು ಬಣ್ಣದ ಕಲ್ಲುಹೂವು ಹರಡುತ್ತದೆ, ಓಹಿಯಾ ಮರದ ಸಸಿ ಏಳುತ್ತದೆ.

ಪಾಹೋವಾ ಅಣ್ಣ

ರೈತರೇ, ಪಪ್ಪಾಯಿಗೆ ಮಣ್ಣಿಗಾಗಿ ಕಾಯಬೇಕಿಲ್ಲ. 1960ರಲ್ಲಿ ಕಪೋಹೋ ಹಳ್ಳಿಯನ್ನು ಲಾವಾ ಮುಚ್ಚಿತ್ತು. ಆಮೇಲೆ ಆ ಸೀಮೆಯಲ್ಲೇ ಕಲ್ಲನ್ನು ಪುಡಿ ಮಾಡಿ, ಹಿಡಿ ಮಣ್ಣು ಹಾಕಿ ಪಪ್ಪಾಯಿ ಬೆಳೆದರು. ನೀರು ನಿಲ್ಲದ ನೆಲ ಅದಕ್ಕೆ ಇಷ್ಟ. ಹವಾಯಿಯ ಪಪ್ಪಾಯಿಯಲ್ಲಿ ಬಹುಪಾಲು ಪೂನಾದ್ದೇ. 2018ರಲ್ಲಿ ಅದರಲ್ಲೂ ಸಾಕಷ್ಟು ತೋಟ ಹೋಯಿತು.

ಈಗ ನೀರು. ಅಕ್ಕ, ನಿಮಗೆ ಗೊತ್ತಿರುವುದೇ, ಬೇರೆಯವರಿಗಾಗಿ ಬರೆಯುತ್ತೇನೆ. ನಮ್ಮಲ್ಲಿ ಬಹಳ ಕಡೆ ನಲ್ಲಿ ನೀರಿಲ್ಲ. ಛಾವಣಿಯ ಮಳೆನೀರು ದಂಬೆಯಿಂದ ಟ್ಯಾಂಕಿಗೆ, ಅಲ್ಲಿಂದ ಫಿಲ್ಟರ್, ಯುವಿ ದೀಪ, ಆಮೇಲೆ ಮನೆಗೆ. ಜ್ವಾಲಾಮುಖಿ ಅನಿಲ ಹೆಚ್ಚಿದ್ದಾಗ ಮಳೆ ಹುಳಿಯಾಗುತ್ತದೆ. ಹುಳಿ ನೀರು ಹಳೆಯ ಬಣ್ಣದಲ್ಲಿ, ಬೆಸುಗೆಯಲ್ಲಿ ಇರುವ ಸೀಸವನ್ನು ಕರಗಿಸಿ ಟ್ಯಾಂಕಿಗೆ ತರುತ್ತದೆ. 80ರ ದಶಕದ ಕೊನೆಯಲ್ಲಿ ಈ ದ್ವೀಪದ ಟ್ಯಾಂಕುಗಳಲ್ಲಿ ಸೀಸ ಪತ್ತೆಯಾಗಿ ದೊಡ್ಡ ಗದ್ದಲ ಆಗಿತ್ತು. ಹಾಗಾಗಿ ಹಳೆಯ ತಗಡು ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ತುಕ್ಕು ಮೊದಲು ಹಿಡಿಯುವುದು ತಗಡಿಗಲ್ಲ, ಮೊಳೆಯ ತಲೆಗೆ. 2018ರಲ್ಲಿ ಉಳಿದ ಮನೆಗಳಲ್ಲಿ ಮೊಳೆಯ ಸುತ್ತ ರೂಪಾಯಿ ಅಗಲದ ಕಂದು ಕಲೆ ಈಗಲೂ ನೋಡಬಹುದು.

2018ರ ನಂತರ ಅನಿಲ ಎಷ್ಟೋ ಕಡಿಮೆಯಾಗಿತ್ತು. 2024ರ ಡಿಸೆಂಬರ್ 23ರಿಂದ ಶಿಖರದ ಹಲೆಮಾವುಮಾವು ಕುಳಿಯಲ್ಲಿ ಬಿಟ್ಟು ಬಿಟ್ಟು ಲಾವಾ ಚಿಮ್ಮಲು ಶುರುವಾಯಿತು. ಅದು ನಿಮ್ಮ ಜಾಗದಿಂದ ಸುಮಾರು 40 ಕಿಲೋಮೀಟರ್ ಆಚೆ. ಈಶಾನ್ಯದ ಗಾಳಿ ಬೀಸುವಷ್ಟು ದಿನ ಹೊಗೆ ಕವೂ, ಕೋನಾ ಕಡೆಗೆ ಹೋಗುತ್ತದೆ. ಗಾಳಿ ತಿರುಗಿದ ದಿನ ನಮಗೂ ಗಂಟಲು ಕೆರೆತ. ಪೆಲೆಯ ಕೂದಲು ಅನ್ನುವ ಸಣ್ಣ ಗಾಜಿನ ಎಳೆ ಹಾರಿ ಬಂದರೆ ಮೊದಲ ಕೆಲಸ, ದಂಬೆಯಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಕಳಚುವುದು. ಬರಿಗೈಯಲ್ಲಿ ಬಳಿಯಬೇಡಿ, ಬೆರಳಿಗೆ ಚುಚ್ಚಿ ಮುರಿಯುತ್ತದೆ.

ಇಷ್ಟೆಲ್ಲ ಹೇಳಿ ನನ್ನ ಅಭಿಪ್ರಾಯ: ವಾಪಸ್ ಬನ್ನಿ, ಆದರೆ ಲಾವಾ ಮೇಲೆ ಬೇಡ. ಮುಂದಿನ ಮೂರನೇ ಒಂದು ಪಾಲಿನಲ್ಲಿ ಕಟ್ಟಿ. ಸಾಲ ಇಲ್ಲದೆ ಆಗುವಷ್ಟು ಸಣ್ಣ ಮನೆ. ಹೋದರೆ ಹೋಯಿತು ಅನ್ನುವಷ್ಟು ದುಡ್ಡು ಮಾತ್ರ ಹಾಕಿ. ಯಜಮಾನರಿಗೆ ಹಳೆಯ ಮನೆಯ ಜಾಗದಲ್ಲೇ ಆಗಬೇಕು ಅನ್ನುವ ಹಟ ಇದ್ದರೆ ನನಗೆ ಫೋನ್ ಕೊಡಿ, ನಾನು ಮಾತಾಡುತ್ತೇನೆ.

ಕಾನೂನು ಕಡತ

ಅಣ್ಣನವರ ಮಾತಿಗೆ ನನ್ನ ಸ್ವಲ್ಪ ವಿರೋಧ ಇದೆ. ಸಣ್ಣ ಮನೆಯಾದರೂ ಎರಡು ಮೂರು ವರ್ಷದ ಸಂಬಳ ಅದರಲ್ಲಿ ಹೋಗುತ್ತದೆ. "ಹೋದರೆ ಹೋಯಿತು" ಅನ್ನುವುದು ಹೇಳಲು ಸುಲಭ. ಮಗನ ಕಾಲೇಜಿನ ಖರ್ಚು ಮುಗಿಯುವವರೆಗೆ ಕಂದಾಯ ಕಟ್ಟುತ್ತಾ ಸುಮ್ಮನಿರುವುದೂ ಒಂದು ದಾರಿಯೇ ಅಲ್ವಾ?

ಪಾಹೋವಾ ಅಣ್ಣ

ದಾರಿಯೇ. ಆದರೆ ವಕೀಲರೇ, ಪೂನಾದಲ್ಲಿ ಖಾಲಿ ಸೈಟು ಸುಮ್ಮನಿರುವುದಿಲ್ಲ. ಆಲ್ಬೀಜಿಯಾ ಮರ ನಾಲ್ಕೈದು ವರ್ಷಕ್ಕೆ ಮನೆ ಎತ್ತರ ದಾಟುತ್ತದೆ, ಆಮೇಲೆ ಕಡಿಸುವುದಕ್ಕೇ ಸಾವಿರಾರು ಡಾಲರ್. 2014ರ ಇಸೆಲ್ ಚಂಡಮಾರುತದಲ್ಲಿ ಇಲ್ಲಿ ಕರೆಂಟು ತಂತಿಗಳ ಮೇಲೆಲ್ಲ ಬಿದ್ದಿದ್ದು ಅದೇ ಮರ. ಜೊತೆಗೆ ಯಾರಾದರೂ ಬಂದು ಹಳೆ ಕಾರು ಸುರಿದು ಹೋಗುತ್ತಾರೆ.

ಹೀಲೋ ನಿವಾಸಿ

ಎಲ್ಲರಿಗೂ ಥ್ಯಾಂಕ್ಸ್. ಈ ಚರ್ಚೆಯನ್ನು ಯಜಮಾನರಿಗೆ ಓದಿ ಹೇಳಿದೆ. ಪುಯೆರ್ತೊ ನಾವೊಸ್ ಭಾಗ ಎರಡು ಸಲ ಓದಿಸಿಕೊಂಡರು. ಶನಿವಾರ ಜಾಗಕ್ಕೆ ಹೋಗಿದ್ದೆವು. ಮಳೆ ಬಿದ್ದ ಮರುದಿನ. ಮುಂಭಾಗದಲ್ಲಿ ಅಗೆದ ಕಂಡಿಗಳಲ್ಲಿ ಥರ್ಮಾಮೀಟರ್ ಮಾಮೂಲಿ ನೆಲದ ಉಷ್ಣತೆಯನ್ನೇ ತೋರಿಸಿತು. ಹಿಂದಿನ ಮೂಲೆಯಲ್ಲಿ ಕೈ ಇಡಲು ಆಗಲಿಲ್ಲ. ಬಿರುಕಿನ ಬಾಯಲ್ಲಿ ಒಂದು ಜರಿಗಿಡ, ಅದರ ಹಬೆ ಕಡೆಯ ಅರ್ಧ ಕಂದು, ಈ ಕಡೆಯ ಅರ್ಧ ಹಸಿರು. ಇವರು ಅದರ ಮುಂದೆ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದು, ಎದ್ದು ಬಂದು "ಮುಂದೇ ಕಟ್ಟೋಣ" ಅಂದರು.

ಹಾಗಾಗಿ ಈ ವರ್ಷ ಸರ್ವೆ, ಗಿಡ ಸವರಿಸುವುದು, ಮೇಷ್ಟ್ರು ಹೇಳಿದ ಲೆಕ್ಕ ಬರೆದಿಡುವುದು. ಕಟ್ಟುವುದು ಮುಂದಿನ ವರ್ಷದ ಮಾತು, ಅದೂ ಅಂಕಿ ಸರಿಯಿದ್ದರೆ. ಅತ್ತೆಗೆ ಇನ್ನೂ ಹೇಳಿಲ್ಲ.

ಪಾಹೋವಾ ಅಣ್ಣ, ಗಿಡ ಸವರಿಸಲು ಮೊದಲೇ ಪರ್ಮಿಟ್ ಬೇಕಾ?

ಪಾಹೋವಾ ಅಣ್ಣ

ಕತ್ತಿ, ಗರಗಸದಲ್ಲಿ ಸವರಲು ಯಾರೂ ಕೇಳುವುದಿಲ್ಲ. ಬುಲ್ಡೋಜರ್ ಇಳಿಸಿ ನೆಲ ಸಮ ಮಾಡುವುದಾದರೆ ಮೊದಲು ಕೌಂಟಿ ಕಚೇರಿಯಲ್ಲಿ ವಿಚಾರಿಸಿ, ಎಷ್ಟು ಜಾಗ, ಎಷ್ಟು ಮಣ್ಣು ಅನ್ನುವುದರ ಮೇಲೆ ಪರ್ಮಿಟ್ ನಿಂತಿದೆ. ಸರ್ವೆಯರ್ ನಂಬರ್ ಇನ್‌ಬಾಕ್ಸಿಗೆ ಹಾಕಿದ್ದೇನೆ. ಅವರು ಬೆಳಿಗ್ಗೆ ಬೇಗ ಬರುತ್ತಾರೆ, ಹತ್ತು ಗಂಟೆಯಾದರೆ ಕಪ್ಪು ಕಲ್ಲಿನ ಮೇಲೆ ನಿಲ್ಲಲು ಆಗುವುದಿಲ್ಲ. ನೀರು ಜಾಸ್ತಿ ಇಟ್ಟುಕೊಳ್ಳಿ.